ಕಡಸಲಿಗೆ ಕೊಟ್ಟ ಮರ: ಲಾರಿ ತುಂಬ ಬಂದಿಳಿದರೆ ಏನು ಮಾಡಬೇಕು?

ಕಡಸಲಿನವರು ಕೇಳುವುದು ಇಪ್ಪತ್ತು ತುಂಡು, ನಾವು ಕಳಿಸುವುದು ಒಂದು ಲಾರಿ. ಇದರಲ್ಲಿ ಯಾರ ದುರಾಸೆಯೂ ಇಲ್ಲ. ಲಾರಿ ಅರ್ಧ ತುಂಬಿದರೂ ಬಾಡಿಗೆ ಅಷ್ಟೇ, ಪೂರ್ತಿ ತುಂಬಿದರೂ ಅಷ್ಟೇ. ಮರ ಕಡಿಯುವವರು ತೋಟಕ್ಕೆ ಸಿಗುವುದು ವರ್ಷಕ್ಕೊಮ್ಮೆ. ಸಿಕ್ಕ ದಿನವೇ ನೆರಳು ಹೆಚ್ಚಾದ ಮರಗಳನ್ನೆಲ್ಲ ಒಮ್ಮೆಗೇ ಉರುಳಿಸಿ ಮುಗಿಸಿದರೆ ಒಂದು ತಲೆಬಿಸಿ ಕಳೆಯಿತೆಂದು ನಮ್ಮ ಲೆಕ್ಕ. ಅದೂ ಕಾಫಿ ಕುಯಿಲು, ಅಡಿಕೆ ಕೊನೆ ಕೊಯ್ಲು ಎರಡೂ ಮುಗಿದು ಆಳುಗಳ ಕೈ ಬಿಡುವಾಗುವ ಫೆಬ್ರವರಿ-ಮಾರ್ಚ್ ತಿಂಗಳಲ್ಲಿ. ಅಂದರೆ ಹಸಿ ಮರ ಸೀಳಿಹೋಗಲು ವರ್ಷದಲ್ಲೇ ಅತಿ ಅನುಕೂಲವಾದ ಕಾಲದಲ್ಲಿ!

ಲೇತಿನ ಮೇಲೆ ಮರವನ್ನು ತಿರುಗಿಸಿ, ಉಳಿ ಹಿಡಿದು ದುಂಡನೆಯ ರೂಪ ಕೊಡುವ ಕೆಲಸಕ್ಕೆ ಹಿರಿಯರು ಹೇಳುತ್ತಿದ್ದ ಹೆಸರು ಕಡಸಲು. ಮಜ್ಜಿಗೆ ಕಡೆಯುವುದಕ್ಕೂ ತೊಟ್ಟಿಲ ಕಾಲು ಕಡೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಬುಗುರಿ, ಲಟ್ಟಣಿಗೆ, ಕುಂಕುಮದ ಭರಣಿ, ಮಂಚದ ಕಾಲು, ಮೆಟ್ಟಿಲ ಕಟಾಂಜನದ ಕಂಬ, ಈಗೀಗ ಪೇಟೆಯವರು ಮೇಜಿನ ಮೇಲಿಡುವ ಮರದ ಬಟ್ಟಲು, ಎಲ್ಲವೂ ಇದರಿಂದಲೇ. ಸೌದೆಯ ದರಕ್ಕೆ ಹೋಗಬಹುದಾದ ಗಿಡ್ಡ ದಿಮ್ಮಿ, ಕವಲು ತುಂಡು, ವಕ್ರ ಕೊರಡು ಇವಕ್ಕೂ ಕಡಸಲಿನಲ್ಲಿ ಬೆಲೆ ಬರುತ್ತದೆ. ಆದರೆ ಆ ಬೆಲೆ ಬಿರುಕಿಲ್ಲದ ಮರಕ್ಕೆ ಮಾತ್ರ. ಬಿರುಕು ಬಿಟ್ಟ ತುಂಡು ಲೇತಿನ ಮೇಲೆ ಸಿಡಿದು ಕೆಲಸಗಾರನ ಮುಖಕ್ಕೆ ಬಡಿಯಬಹುದು. ಹಾಗಾಗಿ ತಿಳಿದವರು ಅದನ್ನು ಮುಟ್ಟುವುದಿಲ್ಲ. ಇಪ್ಪತ್ತೈದು ಮೂವತ್ತು ವರ್ಷ ನೆರಳು ಕೊಟ್ಟ ಮರ ಹದಿನೈದು ದಿನದಲ್ಲಿ ಸೌದೆಯಾಗುವುದನ್ನು ನೋಡಿದವರಿಗೆ ಈ ಮಾತಿನ ತೂಕ ಗೊತ್ತು.

ಒಂದು ಲಾರಿ ಎಂದರೆ ಎಷ್ಟು?

ಮೊದಲು ಲೆಕ್ಕ ಹಾಕೋಣ. ನಾಲ್ಕು ಅಡಿ ಸುತ್ತಳತೆ, ಹತ್ತು ಅಡಿ ಉದ್ದದ ಒಂದು ಸಿಲ್ವರ್ ಓಕ್ ದಿಮ್ಮಿಯಲ್ಲಿ ನಿಜವಾಗಿ ಇರುವ ಮರ ಸುಮಾರು 12.7 ಘನ ಅಡಿ. ಹಸಿ ಮರವನ್ನು ಹೆಚ್ಚುಕಡಿಮೆ ನೀರಿನಷ್ಟೇ ತೂಕವೆಂದು ಹಿಡಿದರೆ (ಒಂದು ಘನ ಅಡಿ ನೀರು 28 ಕಿಲೋಗ್ರಾಂ ಚಿಲ್ಲರೆ) ಒಂದು ದಿಮ್ಮಿ ಮೂರೂವರೆ ಕ್ವಿಂಟಲ್ ಮೀರುತ್ತದೆ. ಒಂಬತ್ತು ಟನ್ ಹೊರುವ ಲಾರಿಯಲ್ಲಿ ಇಂಥ 25 ದಿಮ್ಮಿ, ಅಂದರೆ 318 ಘನ ಅಡಿಯ ಹತ್ತಿರ. ಒಂದೇ ಲೇತು ಇಟ್ಟುಕೊಂಡವರು ದಿನಕ್ಕೆ ಎರಡು ಘನ ಅಡಿ ಕಡೆದರೂ ಐದು ತಿಂಗಳಿಗೆ ಮಿಕ್ಕಿದ ಕೆಲಸ. ಮಾರ್ಚಿಯಲ್ಲಿ ಇಳಿದ ಲೋಡು ಆಗಸ್ಟ್ ತಿಂಗಳಿಗೆ ಮುಗಿಯಬೇಕು. ಮೊದಲ ಮೂರು ತಿಂಗಳು ಅದನ್ನು ಬಿಸಿಲು ಸೀಳುತ್ತದೆ, ಉಳಿದ ಎರಡು ತಿಂಗಳು ಬೂಷ್ಟು ತಿನ್ನುತ್ತದೆ.

ಈ ಲೆಕ್ಕವನ್ನು ಮಾರುವವರೂ ಕೊಳ್ಳುವವರೂ ಲಾರಿ ಹೊರಡುವ ಮುನ್ನವೇ ಒಟ್ಟಿಗೆ ಕೂತು ಮಾಡಬೇಕು. ಮಾಡದೆ ಲೋಡು ಬಂದೇ ಬಿಟ್ಟಿತೆನ್ನಿ, ಆಗ ಮುಂದಿನ ಮಾತು ಇಬ್ಬರಿಗೂ ಸೇರಿದ್ದು. ನಮ್ಮ ಸದಸ್ಯರಲ್ಲಿ ಕೆಲವರು ಮನೆಯ ಮಗ್ಗುಲಲ್ಲೇ ಲೇತು ಹೂಡಿದ್ದಾರೆ. ಅವರಂತೂ ಎರಡೂ ಕಡೆಯವರು.

ಇಳಿಸುವಾಗ

ಲಾರಿಯ ಪಕ್ಕದ ಹಲಗೆ ಬಿಚ್ಚುವ ಮೊದಲು ಇಳಿಜಾರಿನ ಕೆಳಭಾಗದಲ್ಲಿ ಒಬ್ಬರೂ ನಿಲ್ಲಬಾರದು. ಮಲೆನಾಡಿನ ಅಂಗಳಗಳು ಸಮತಟ್ಟಲ್ಲ, ದುಂಡು ದಿಮ್ಮಿಗೆ ಅಡ್ಡ ಹಾಕಿದ ಕಲ್ಲು ನಂಬಿಕೆಗೆ ಸಾಲದು, ಎರಡೂ ಕಡೆ ಮರದ ಬೆಣೆ ಬೇಕು. ರಾಶಿ ಸೊಂಟಕ್ಕಿಂತ ಎತ್ತರವಾಗುವುದು ಬೇಡ. ಎಲ್ಲಕ್ಕಿಂತ ಅಡಿಯಲ್ಲಿ ಎರಡು ಸಾಲು ಕಲ್ಲು ಇಟ್ಟು ಅದರ ಮೇಲೆ ಬಲವಾದ ಗಳ ಹಾಸಿ ದಿಮ್ಮಿ ಹೇರಿದರೆ ನೆಲದ ತೇವ, ಗೆದ್ದಲು ಎರಡೂ ದೂರ. ಒಂದು ತಿಂಗಳಾದ ರಾಶಿಯೊಳಗೆ ಕೈಹಾಕುವ ಮುನ್ನ ಕೋಲಿನಿಂದ ಬಡಿಯುವುದನ್ನು ಹೇಳಬೇಕಾಗಿಲ್ಲ, ಹಾವಿಗೂ ನೆರಳು ಬೇಕು.

ಮರ ಸೀಳುವುದು ಏಕೆ?

ಇದನ್ನು ಸ್ವಲ್ಪ ವಿವರವಾಗಿ ತಿಳಿದರೆ ಮುಂದಿನದೆಲ್ಲ ತಾನಾಗಿ ಹೊಳೆಯುತ್ತದೆ. ಪಾರ್ಚ್‌ಮೆಂಟ್ ಕಾಫಿಯನ್ನು ತೊಳೆದ ದಿನವೇ ಉರಿಬಿಸಿಲಿಗೆ ತೆಳ್ಳಗೆ ಹರಡಿದರೆ ಸಿಪ್ಪೆ ಬಿರಿಯುತ್ತದೆ. ಹೊರಗಿನದು ಒಣಗಿ ಕುಗ್ಗಿತು, ಒಳಗಿನದು ಇನ್ನೂ ಉಬ್ಬಿಕೊಂಡೇ ಇದೆ. ಮರದಲ್ಲಿ ನಡೆಯುವುದೂ ಇದೇ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ನಾಳಗಳ ಒಳಗೆ ತುಂಬಿರುವುದು ಒಂದು, ನಾರಿನ ಗೋಡೆಗಳಲ್ಲಿ ಹೀರಿಕೊಂಡಿರುವುದು ಇನ್ನೊಂದು. ಮೊದಲನೆಯದು ಆವಿಯಾಗಿ ಹೋದರೆ ಮರ ಹಗುರಾಗುತ್ತದೆ ಅಷ್ಟೇ, ಅಳತೆ ಬದಲಾಗದು. ಒಣಮರದ ತೂಕಕ್ಕೆ ಹೋಲಿಸಿ ನೀರಿನ ಅಂಶ ನೂರಕ್ಕೆ 25ರಿಂದ 30ಕ್ಕೆ ಇಳಿದ ಮೇಲೆ ಗೋಡೆಗಳ ನೀರು ಹೊರಡತೊಡಗುತ್ತದೆ. ಕುಗ್ಗುವುದು ಶುರುವಾಗುವುದು ಅಲ್ಲಿಂದ. ಆ ಕುಗ್ಗುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿದ್ದರೆ ನಮಗೆ ತೊಂದರೆಯೇ ಇರುತ್ತಿರಲಿಲ್ಲ. ಉದ್ದಕ್ಕೆ ಮರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ನಡುತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುತ್ತಳತೆಯಲ್ಲಿ ಕುಗ್ಗುವುದು ಸುಮಾರು ಎರಡರಷ್ಟು. ಅಂದರೆ ದುಂಡನೆಯ ದಿಮ್ಮಿಯ ಸುತ್ತು, ಅದರ ಹೊಟ್ಟೆಗೆ ಸಾಲದಷ್ಟು ಗಿಡ್ಡವಾಗುತ್ತದೆ. ಎಲ್ಲೋ ಒಂದು ಕಡೆ ಸೀಳಲೇಬೇಕು. ತಿರುಳಿನಿಂದ ತೊಗಟೆಯವರೆಗೆ ಕಡುಬಿನ ಹೋಳಿನಂತೆ ಬಾಯಿಬಿಡುವ ಬಿರುಕು ಅದೇ.

ಇನ್ನೊಂದು ಸಂಗತಿ. ನೀರು ಮರದ ಮೈಯಿಂದ ಹೋಗುವುದಕ್ಕಿಂತ ಕತ್ತರಿಸಿದ ತುದಿಯಿಂದ ಹೋಗುವುದು ಹತ್ತು ಪಟ್ಟಿಗೂ ಮಿಕ್ಕಿ ಬೇಗ. ಆದ್ದರಿಂದ ಬಿರುಕು ಮೊದಲು ಕಾಣುವುದು ತುದಿಯಲ್ಲಿ, ಕಡಿದ ಎರಡು ಮೂರು ದಿನಗಳಲ್ಲೇ. ಕೂದಲೆಳೆಯಂತೆ ಕಂಡದ್ದು ವಾರ ಕಳೆದರೆ ಒಂದು ಗೇಣು ಒಳಗೆ ಹೋಗಿರಬಹುದು.

ಮೊದಲ ಎರಡು ದಿನ

ಹಾಗಾದರೆ ಲೋಡು ಇಳಿದ ಕೂಡಲೇ ದಿಮ್ಮಿಗಳನ್ನು ಬೇಕಾದ ಅಳತೆಗೆ ಚಿಕ್ಕ ಚಿಕ್ಕ ತುಂಡು ಮಾಡಿಸುವುದು ಎಂಥ ಕೆಲಸ ಎಂದು ಯೋಚಿಸಿ. ಪ್ರತಿ ಕೊಯ್ತಕ್ಕೂ ಎರಡು ಹೊಸ ತುದಿ! ನಾನು ಕಂಡ ಒಂದು ಅಂಗಳದಲ್ಲಿ ಮರದ ಮಿಲ್ಲಿನವರು ಉಪಕಾರವೆಂದು ಇಡೀ ಲೋಡನ್ನು ಒಂದೊಂದು ಅಡಿಗೆ ಕೊಯ್ದು ಕೊಟ್ಟಿದ್ದರು. ನೋಡಲು ಬಹು ಅಂದವಾಗಿ ಜೋಡಿಸಿತ್ತು. ಯುಗಾದಿಗೆ ಕಡಿದದ್ದು, ಅಕ್ಷಯ ತದಿಗೆಯ ಹೊತ್ತಿಗೆ ಅದರಲ್ಲಿ ಲಟ್ಟಣಿಗೆಗೆ ಬರುವ ತುಂಡೂ ಉಳಿಯಲಿಲ್ಲ. ದಿಮ್ಮಿ ಎಷ್ಟು ಉದ್ದವಾಗಿ ಉಳಿದೀತೋ ಅಷ್ಟು ಉದ್ದ ಬಿಡಿ. ತುದಿಯ ಅರ್ಧ ಅಡಿ ಹೋದರೂ ನಡುವಿನದು ಉಳಿಯುತ್ತದೆ. ಬೇಕಾದಷ್ಟನ್ನು ಮಾತ್ರ ಆಯಾ ವಾರ ಕೊಯ್ಯಿರಿ. ತೊಗಟೆಯನ್ನೂ ಅವಸರದಲ್ಲಿ ಸುಲಿಯಬೇಡಿ, ಬೇಸಿಗೆಯಲ್ಲಿ ಅದು ಮರಕ್ಕೆ ಹೊದಿಕೆ. (ಮಳೆಗಾಲದ ಮಾತು ಬೇರೆ, ಮುಂದೆ ಹೇಳುತ್ತೇನೆ.)

ಎರಡನೆಯದು, ತುದಿಗೆ ಲೇಪ. ಹಳಬರು ಸಗಣಿ ಬಳಿಯುತ್ತಿದ್ದರು. ಏನೂ ಇಲ್ಲದ ಕಡೆ ಅದು ಒಳ್ಳೆಯದೇ, ಆದರೆ ಒಣಗಿ ಉದುರುತ್ತದೆ, ದಿನ ಬಿಟ್ಟು ದಿನ ಬಳಿಯಬೇಕು. ಉತ್ತಮವಾದದ್ದು ಪ್ಯಾರಾಫಿನ್ ಮೇಣ. ಮೇಣದ ಪಾತ್ರೆಯನ್ನು ನೇರ ಬೆಂಕಿಗಿಡದೆ ಕುದಿಯುವ ನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ಕುಂಚದಿಂದ ತುದಿಗೆ ದಪ್ಪಗೆ ಹಚ್ಚಬೇಕು. ತುದಿಯಿಂದ ಎರಡು ಬೆರಳಿನಷ್ಟು ಮೈಮೇಲೂ ಬರಲಿ. ಬೇಲಿ ಗೇಟಿಗೆ ಹೊಡೆದು ಉಳಿದ ಹಳೆಯ ಎಣ್ಣೆ ಬಣ್ಣವಿದ್ದರೆ ಎರಡು ಕೋಟು ಹಚ್ಚಿದರೂ ನಡೆಯುತ್ತದೆ. ಕೊಂಬೆ ಕಡಿದ ಗಂಟುಗಳ ಮೇಲೂ ಲೇಪ ಬೇಕೆಂಬುದನ್ನು ಮರೆಯಬಾರದು. ಬಿರುಕು ಕಂಡ ಮೇಲೆ ಹಚ್ಚಿ ಫಲವಿಲ್ಲ. ಬಿರುಕಿನ ಭಾಗ ಕೊಯ್ದು ತೆಗೆದು ಹೊಸ ತುದಿಗೆ ಹಚ್ಚಬೇಕು. ಮೇಣದ ಖರ್ಚು ನೋಡಿ ಕೈ ಹಿಂದೆಗೆಯುವವರು ಒಂದು ದಿಮ್ಮಿಗೆ ಎಷ್ಟು ಬೀಳುತ್ತದೆಂದು ಭಾಗಿಸಿ ನೋಡಲಿ.

ಮೂರನೆಯದು ಸೀಳುವುದು. ಬಟ್ಟಲಿಗೆ ಹೋಗುವ ದಪ್ಪ ದಿಮ್ಮಿಯನ್ನು ನಡುತಿರುಳಿನ ಮೇಲೆಯೇ ಉದ್ದಕ್ಕೆ ಎರಡು ಪಾಲು ಮಾಡಬೇಕು. ಅರ್ಧಚಂದ್ರದಂತಾದ ಮರಕ್ಕೆ ಕುಗ್ಗಲು ಜಾಗ ಸಿಗುತ್ತದೆ, ಸಮತಟ್ಟಾದ ಮುಖ ಸ್ವಲ್ಪ ಉಬ್ಬುತ್ತದೆ, ಸೀಳುವುದಿಲ್ಲ. ತಿರುಳಿನ ಎರಡೂ ಕಡೆ ಒಂದೊಂದು ಅಂಗುಲ ತೆಗೆದು ಎಸೆದರೆ ಇನ್ನೂ ಕ್ಷೇಮ. ಇದನ್ನು ಇಡೀ ಲೋಡಿಗೆ ಮಾಡಲು ಕೈ ಸಾಲದು. ಆದ್ದರಿಂದ ಮೊದಲ ದಿನವೇ ವಿಂಗಡಿಸಿ. ಬೇಗ ಕೆಡುವ ಜಾತಿ ಮತ್ತು ಅತಿ ದಪ್ಪದ್ದು ಮೊದಲು, ನೇರ ದಿಮ್ಮಿ ಆಮೇಲೆ. ಯಾವುದಕ್ಕೂ ಆಗದೆಂದು ಕಂಡದ್ದನ್ನು ಅದೇ ದಿನ ಸೌದೆಗೆ ಬಿಡಿ. ಅಡಿಕೆ ಬೇಯಿಸುವ ಒಲೆಗೆ ಹೇಗೂ ಬೇಕು. ಎಲ್ಲವನ್ನೂ ಉಳಿಸಿಕೊಳ್ಳಲು ಹೊರಟವರಿಗೆ ಒಳ್ಳೆಯದೂ ಉಳಿಯುವುದಿಲ್ಲ.

ತೋಟದಲ್ಲಿ ಕೆರೆಯಿದ್ದವರಿಗೆ ಇನ್ನೊಂದು ದಾರಿಯಿದೆ. ನೀರಿನಲ್ಲಿ ಪೂರ್ತಿ ಮುಳುಗಿದ ಮರ ಸೀಳದು, ಅದಕ್ಕೆ ಬೂಷ್ಟಾಗಲಿ ಹುಳುವಾಗಲಿ ತಗಲದು. ಆದರೆ ಕಾಫಿ ಹೂಮಳೆಗೆಂದು ತುಂತುರು ಹೊಡೆಯುವ ಕಾಲದಲ್ಲೇ ಕೆರೆ ತಳ ಕಾಣುತ್ತದಲ್ಲ! ಮೀನು ಸಾಕಿದವರೂ ಈ ಗೊಡವೆಗೆ ಹೋಗಬಾರದು, ಮರದ ಕರೆ ನೀರಿಗಿಳಿಯುತ್ತದೆ.

ಯಾವ ಮರ, ಏನು ಗುಣ

ಸಿಲ್ವರ್ ಓಕ್ ಆಸ್ಟ್ರೇಲಿಯದ ಪೂರ್ವ ಕರಾವಳಿಯ ಮರ, ನೆರಳಿಗೆಂದು ಬಂದು ನಮ್ಮದಾಯಿತು. ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ಅಗಲವಾದ ಎಳೆಗಳೇ ಇದರ ಅಂದ. ಕಡೆದಾಗ ಮೈಮೇಲೆ ಹೊಳೆಯುವ ಹೂವಿನಂತೆ ಕಾಣುತ್ತವೆ. ಸೀಳು ಹಿಡಿಯುವುದೂ ಆ ಎಳೆಗಳ ಗುಂಟವೇ. ಇದರ ಹಸಿ ರಸ ಮತ್ತು ಪುಡಿ ಕೆಲವರ ಚರ್ಮಕ್ಕೆ ಆಗದು, ತುರಿಕೆ ಏಳುತ್ತದೆ. ಉದ್ದ ತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲಿ.

ಹಲಸು ನೆಮ್ಮದಿಯ ಮರ. ಹಳದಿ ಚೇಗು ಕಾಲ ಕಳೆದಂತೆ ಕಂದಿ ಜೇನಿನ ಬಣ್ಣಕ್ಕೆ ತಿರುಗುತ್ತದೆ, ಹುಳು ಹಿಡಿಯುವುದು ಹೊರಗಿನ ಬಿಳಿ ಭಾಗಕ್ಕೆ. ಅದನ್ನು ಕೆತ್ತಿ ತೆಗೆದಿಟ್ಟರೆ ಚೇಗಿನ ಚಿಂತೆ ಅಷ್ಟಿಲ್ಲ. ರಬ್ಬರ್ ಮತ್ತು ಮಾವು ಇದಕ್ಕೆ ವಿರುದ್ಧ. ಸಕ್ಕರೆ, ಪಿಷ್ಟ ತುಂಬಿದ ಬಿಳಿ ಮರ, ಕಡಿದ ವಾರದೊಳಗೆ ನೀಲಿಗಪ್ಪು ಕಲೆ ಹತ್ತುತ್ತದೆ. ಲೋಡಿನಲ್ಲಿ ಇವಿದ್ದರೆ ಮೊದಲ ಸರದಿ ಇವಕ್ಕೇ. ಹಾಲುವಾಣ ಕಡಸಲಿಗೆ ಬಾರದು, ಬಹಳ ಮೃದು. ಬೀಟೆ, ಗಂಧದ ಮಾತನ್ನು ಇಲ್ಲಿ ಎತ್ತುವುದೇ ಬೇಡ.

ಕಾಫಿ ಗಿಡದ ಬೊಡ್ಡೆಯ ಬಗ್ಗೆ ಒತ್ತಿ ಹೇಳಬೇಕಾದ ಮಾತಿದೆ. ಹಳೆಯ ಗಿಡ ಕಿತ್ತಾಗ ಸಿಗುವ ಬೊಡ್ಡೆ ಗಟ್ಟಿ, ನುಣುಪು, ಹಿಡಿಕೆಗೆ, ಊರುಗೋಲಿಗೆ ಹೇಳಿ ಮಾಡಿಸಿದ್ದು. ಈಗ ಅದನ್ನು ಕೇಳಿಕೊಂಡು ಬರುವವರೂ ಇದ್ದಾರೆ. ಆದರೆ ಅರೇಬಿಕಾ ಗಿಡ ಕೀಳುವುದು ಅನೇಕ ಸಲ ಬಿಳಿ ಕಾಂಡಕೊರಕದ ಕಾಟಕ್ಕೆ. ಹುಳು ಬೊಡ್ಡೆಯ ಒಳಗೇ ಇರುತ್ತದೆ. ಗಿಡ ಕಿತ್ತ ಮಾತ್ರಕ್ಕೆ ಅದು ಸಾಯುವುದಿಲ್ಲ. ಅಂಗಳದ ಮೂಲೆಯ ರಾಶಿಯಿಂದಲೇ ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನ ತನಕ ದುಂಬಿಗಳು ಹೊರಬಂದು ತೋಟಕ್ಕೆ ಹಾರುತ್ತವೆ, ನಿಮ್ಮ ತೋಟಕ್ಕೂ, ಪಕ್ಕದವರ ತೋಟಕ್ಕೂ. ಕಾಂಡದ ಮೇಲೆ ಏಣುಗಳು ಎದ್ದಿದ್ದರೆ, ಕೊಯ್ದಾಗ ಪುಡಿ ತುಂಬಿದ ಸುರಂಗ ಕಂಡರೆ ಅದು ಕಡಸಲಿನ ಮರವಲ್ಲ. ದುಂಬಿ ಹಾರುವ ಕಾಲಕ್ಕೆ ಮೊದಲೇ ಸುಡಬೇಕು. ಯಾರೋ ಒಳ್ಳೆಯ ಬೆಲೆ ಹೇಳಿದರೆಂದು ಅದನ್ನು ಲಾರಿಗೆ ಹೇರಿ ಇನ್ನೊಂದು ಕಾಫಿ ಸೀಮೆಗೆ ಕಳಿಸುವುದು ನೆರೆಯವರಿಗೆ ಮಾಡುವ ದ್ರೋಹ. ಕೊರಕ ತಗಲದ ಬೊಡ್ಡೆಯಾದರೂ ತೊಗಟೆ ತೆಗೆದೇ ಇಡಿ. ರೊಬಸ್ಟಾದ ದಪ್ಪ ಬೊಡ್ಡೆಗೆ ಈ ಭಯ ಕಡಿಮೆ.

ಮಳೆ ಹಿಡಿದ ಮೇಲೆ

ಜೂನ್ ಬಂತೆಂದರೆ ಶತ್ರು ಬದಲಾಗುತ್ತಾನೆ. ಈಗ ಬಿರುಕಿಗಿಂತ ಬೂಷ್ಟು, ಕಲೆ, ಪುಡಿಹುಳುವಿನ ಹೆದರಿಕೆ. ಬೇಸಿಗೆಯಲ್ಲಿ ಹೊದಿಕೆಯಾಗಿದ್ದ ತೊಗಟೆ ಈಗ ಹುಳುವಿನ ಮನೆ, ಆದ್ದರಿಂದ ಮೇ ಕೊನೆಯೊಳಗೆ ಉಳಿದ ದಿಮ್ಮಿಗಳ ತೊಗಟೆ ಸುಲಿಯಬೇಕು. ಸೀಳಿದ ತುಂಡುಗಳನ್ನು ಸೂರಿನಡಿ, ನಡುನಡುವೆ ಒಣ ಅಡಿಕೆ ದಬ್ಬೆಯ ಪಟ್ಟಿ ಇಟ್ಟು, ಗಾಳಿ ಆಡುವಂತೆ ಜೋಡಿಸಿ. ದಬ್ಬೆ ಹಸಿಯಿದ್ದರೆ ಅದರ ಗುರುತೇ ಮರದ ಮೇಲೆ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿದರೆ ಒಳಗೆ ಅಣಬೆ ತೋಟವಾಗುತ್ತದೆ. ಸೋಗೆ ಹೊದಿಸಿದರೆ ಸಾಕು, ಪಕ್ಕಗಳು ತೆರೆದಿರಲಿ.

ರಬ್ಬರಿನಂಥ ಬಿಳಿ ಮರಕ್ಕೆ ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಸಿಡ್ ಒಂದು ಪಾಲು ಬೆರೆಸಿದ ದ್ರಾವಣದಲ್ಲಿ ಅದ್ದುವ ಕ್ರಮವಿದೆ. ಮರ ಹಸಿಯಾಗಿರುವಾಗಲೇ ಅದ್ದಬೇಕು, ಔಷಧಿ ಒಳಗಿಳಿಯುವುದು ಮರದ ನೀರಿನ ಮೂಲಕವೇ. ಅದ್ದಿದ ಮೇಲೆ ತುದಿಗೆ ಮೇಣ, ಆಮೇಲೆ ಕೆಲವು ವಾರ ಒತ್ತಾಗಿ ಜೋಡಿಸಿ ಮುಚ್ಚಿಡುವುದು; ಗಾಳಿಗೆ ಬಿಡುವುದು ಅದರ ನಂತರ. ಊಟದ ಬಟ್ಟಲಿಗೆ, ಮಕ್ಕಳು ಬಾಯಿಗಿಡುವ ಆಟಿಕೆಗೆ ಹೋಗುವ ಮರಕ್ಕೆ ಇದು ಖಂಡಿತ ಕೂಡದು.

ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಹಸಿಯಲ್ಲೇ ಒರಟಾಗಿ ಕಡೆದಿಡುವುದು. ಹತ್ತು ಅಂಗುಲ ಅಗಲದ ಬಟ್ಟಲಿಗೆ ಒಂದು ಅಂಗುಲ ದಪ್ಪ ಬಿಟ್ಟು ಹೊಟ್ಟೆ ತೋಡಿ, ಅದರದೇ ಹೆರೆದ ಪುಡಿಯೊಂದಿಗೆ ಕಾಗದದ ಚೀಲದಲ್ಲಿ ಕಟ್ಟಿ ನೆರಳಲ್ಲಿಟ್ಟರೆ, ಕೆಲವು ತಿಂಗಳಲ್ಲಿ ಅದು ಮೊಟ್ಟೆಯಾಕಾರಕ್ಕೆ ತಿರುಚಿಕೊಂಡು ಒಣಗುತ್ತದೆ. ಆಗ ಮತ್ತೊಮ್ಮೆ ಲೇತಿಗೇರಿಸಿ ದುಂಡಗೆ ಮಾಡುವುದು. ಒಣಗಿತೋ ಇಲ್ಲವೋ ತಿಳಿಯಲು ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಡಿ, ತೂಕ ಇಳಿಯುವುದು ನಿಂತರೆ ಮರ ಅಲ್ಲಿನ ಗಾಳಿಗೆ ಹೊಂದಿತೆಂದು ಅರ್ಥ.

ಚನ್ನಪಟ್ಟಣಕ್ಕೆ ಕಳಿಸುವವರಿಗೆ

ಬೆಂಗಳೂರು-ಮೈಸೂರು ಹೆದ್ದಾರಿಯ ಚನ್ನಪಟ್ಟಣದ ಬಣ್ಣದ ಬೊಂಬೆಗಳು ಕಡಸಲಿನವೇ. ಅಲ್ಲಿಯ ಮೂಲ ಮರ ಆಲೆ, ಬಯಲುಸೀಮೆಯ ಕಾಡಿನ ಚಿಕ್ಕ ಮರ. ದಂತದಂತೆ ಬಿಳಿ, ನುಣುಪಾದ ಎಳೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಗೆ ತೊಗಟೆಯ ಕಷಾಯ ಕುಡಿಯುವ ಹಾಲೆ ಮರ ಬೇರೆ. ಹೆಸರಿನ ಹೋಲಿಕೆ ನಂಬಿ ಲೋಡು ಮಾಡಿ ಕಳಿಸಬೇಡಿ. ಅಲ್ಲಿ ಬಣ್ಣ ಹಾಕುವುದು ಕುಂಚದಿಂದಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ, ಆಮೇಲೆ ಕೇದಗೆ ಓಲೆಯಿಂದ ಹೊಳಪು. ಹಸಿ ಮರಕ್ಕೆ ಅರಗು ಸರಿಯಾಗಿ ಕೂರದು. ಹಾಗಾಗಿ ಅಲ್ಲಿಯವರಿಗೆ ಬೇಕಾದದ್ದು ಸಣ್ಣ ದಪ್ಪದ, ಒಣಗಿದ, ಕಲೆಯಿಲ್ಲದ ಬಿಳಿ ಮರ. ದಪ್ಪ ಹಸಿ ದಿಮ್ಮಿಯ ಲಾರಿ ಅವರ ಓಣಿಯಲ್ಲಿ ನಿಂತರೆ ಅವರಿಗೂ ಸಂಕಟ, ನಮಗೂ ನಷ್ಟ.

ಅಳತೆ ಮತ್ತು ಕಾಗದ

ದಿಮ್ಮಿ ವ್ಯಾಪಾರದಲ್ಲಿ ಸುತ್ತಳತೆಯ ಕಾಲು ಪಾಲನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಪದ್ಧತಿಯಿದೆ. ಮೇಲೆ ಹೇಳಿದ ದಿಮ್ಮಿಗೆ ಈ ಲೆಕ್ಕದಲ್ಲಿ ಸಿಗುವುದು ಹತ್ತೇ ಘನ ಅಡಿ. ನೂರಕ್ಕೆ ಇಪ್ಪತ್ತೊಂದಕ್ಕೂ ಹೆಚ್ಚು ಮರ ಲೆಕ್ಕಕ್ಕೇ ಬರುವುದಿಲ್ಲ. ಕೊಯ್ದು ಹಲಗೆ ಮಾಡುವಾಗ ಅಷ್ಟು ಪೋಲಾಗುತ್ತದೆಂಬುದು ಅದರ ಹಿಂದಿನ ನ್ಯಾಯ. ಬಟ್ಟಲು ಕಡೆಯುವವರಿಗೆ ಹೊರಮೈ ಸಹ ಬೇಕಾದದ್ದೇ, ಆದ್ದರಿಂದ ಕಡಸಲಿನ ಮರವನ್ನು ತೂಕಕ್ಕೆ ಅಥವಾ ತುಂಡಿನ ಲೆಕ್ಕಕ್ಕೆ ಮಾರುವುದೇ ನ್ಯಾಯವೆಂದು ನನ್ನ ಅಭಿಪ್ರಾಯ. ತೂಕಕ್ಕಾದರೆ ಇಳಿಸಿದ ದಿನವೇ ತೂಗಬೇಕು. ತುದಿಗೆ ಮೇಣ ಹಚ್ಚುವುದು ಯಾರ ಖರ್ಚು, ಬಿರುಕು ಬಿಟ್ಟರೆ ಯಾರ ನಷ್ಟ ಎಂಬ ಎರಡು ಸಾಲನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್, ರಬ್ಬರ್ ಮರಗಳನ್ನು ಕಡಿಯಲು ಅನುಮತಿ ಬೇಡವೆಂದಿದೆ. ಆದರೆ ಕಡಿಯುವುದು ಬೇರೆ, ಸಾಗಿಸುವುದು ಬೇರೆ. ಸಾಗಣೆಯ ರಹದಾರಿಯ ವಿಷಯವನ್ನೂ ಹಲಸು ಮೊದಲಾದ ಇತರ ಮರಗಳ ವಿಷಯವನ್ನೂ ನಿಮ್ಮ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಯೇ ಲಾರಿ ಗೊತ್ತು ಮಾಡಿ. ತನಿಖಾ ಠಾಣೆಯಲ್ಲಿ ಮೂರು ದಿನ ಬಿಸಿಲಿಗೆ ನಿಂತ ಲೋಡಿಗೆ ಯಾವ ಮೇಣವೂ ಸಾಲದು.

ಇನ್ನು ಲಾರಿ ಬಾಡಿಗೆಯ ಪ್ರಶ್ನೆ. ಒಂದೇ ಹಾದಿಯ ಮೂರು ನಾಲ್ಕು ಕಡಸಲಿನವರಿಗೆ ಒಂದೇ ಲಾರಿಯಲ್ಲಿ ಹಂಚಿ ಇಳಿಸುವಂತೆ ಮೊದಲೇ ಮಾತಾಡಿಕೊಂಡರೆ ಲಾರಿಯೂ ತುಂಬುತ್ತದೆ, ಯಾರ ಅಂಗಳವೂ ತುಂಬಿ ಹರಿಯುವುದಿಲ್ಲ. ನೆರಳು ತೆಗೆಯಲೇಬೇಕಾದ ತಾಕುಗಳನ್ನು ಬಿಟ್ಟು ಉಳಿದ ಮರಗಳಿಗೆ ಬಣ್ಣದ ಗುರುತು ಹಾಕಿ ನಿಲ್ಲಿಸಿಡಬಹುದು. ಅರ್ಧವನ್ನು ಈ ಬೇಸಿಗೆಯಲ್ಲಿ ಕಡಿಸಿ, ಉಳಿದರ್ಧವನ್ನು ಮಳೆ ಕಳೆದು ಬಿಸಿಲು ಏರುವ ಮುನ್ನ, ಕುಯಿಲು ಶುರುವಾಗುವ ಮೊದಲಿನ ಆ ಎರಡು ಮೂರು ವಾರಗಳಲ್ಲಿ ಕಡಿಸಿ.